ತೊಟ್ಟಿಯ ತಳದ ಹಳೆ ನೀರು

ನನ್ನ ಕೆಲಸ ಏನೆಂದು ಮೊಳಕಾಲ್ಮೂರಿನಲ್ಲಿ ಹೇಳುವುದೇ ಒಂದು ಪಾಡು. ಚಳ್ಳಕೆರೆಯಾಚೆ ದೊಡ್ಡಉಳ್ಳಾರ್ತಿ ಕಡೆಯ ಕ್ಯಾಂಪಸ್ಸೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು, ಉತ್ತರದ ಚಳಿದೇಶಗಳ ಫ್ಯೋರ್ಡುಗಳಲ್ಲಿ ನೀರು ಹೇಗೆ ಓಡಾಡುತ್ತದೆಂದು ನೋಡುತ್ತೇನೆ. ಫ್ಯೋರ್ಡ್ ಎಂದರೆ ಬೆಟ್ಟಗಳ ನಡುವೆ ಸಮುದ್ರ ಒಳಕ್ಕೆ ಚಾಚಿಕೊಂಡ, ಬಲು ಆಳದ ಕೊಲ್ಲಿ. ಅದರ ಬಾಯಲ್ಲಿ, ನೀರಿನಡಿ, ಹೊಸ್ತಿಲಿನಂಥ ಒಂದು ದಿಬ್ಬ.

"ಸುತ್ತ ಬರೀ ಹುಲ್ಲುಕಾವಲು, ಕುರಿ. ಸಮುದ್ರ ಎಲ್ಲೈತೆ ತಾಯಿ?" ಎಂದು ಅಪ್ಪ, ನಾನು ವಾರವಾರ ಮನೆಗೆ ಬಂದಾಗಲೆಲ್ಲ ಕಾಲೆಳೆಯುತ್ತಿದ್ದ.

ಅಪ್ಪ ರೇಷ್ಮೆಗೆ ಬಣ್ಣ ಹಾಕುವವನು. ಬಣ್ಣದಲ್ಲಿ ಅದ್ದಿದ ನೂಲಿನ ಲಡಿಗಳನ್ನು ಕೋಲಿಗೆ ಇಳಿಬಿಟ್ಟು ಹಿತ್ತಲ ಕಲ್ಲುತೊಟ್ಟಿಯಲ್ಲಿ ಜಾಲಿಸುತ್ತಾನೆ. ತೊಟ್ಟಿಯ ತಳದಲ್ಲಿ ತೂತಿಲ್ಲ. ಒಂದು ಕಡೆ ಹೊಸ ನೀರು ಬೀಳುತ್ತದೆ, ಇನ್ನೊಂದು ಕಡೆ ಅಂಚಿನ ಮೇಲಿಂದ ಹಳೆಯದು ಹರಿದುಹೋಗುತ್ತದೆ. ಪೂರ್ತಿ ಬರಿದು ಮಾಡಿ ತಿಕ್ಕುವುದು ಅಮಾವಾಸ್ಯೆಗೊಮ್ಮೆ ಮಾತ್ರ, ಆವತ್ತು ಕೆಲಸಕ್ಕೆ ರಜೆ. ತಾತನ ಕಾಲದಿಂದ ಬಂದ ಪದ್ಧತಿ.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ನೇಕಾರರು ಮಗಳ ಧಾರೆ ಸೀರೆಗೆಂದು ಗಿಳಿಹಸಿರು ಕೇಳಿದ್ದರು. ಲಡಿಗಳ ಕೆಳತುದಿ ಕೆಸರುಗೆಂಪಾಗಿ ಬಂತು. ಅಪ್ಪ ಪುಡಿ ಮಾರಿದವನನ್ನು ತೆಲುಗಿನಲ್ಲೂ ಕನ್ನಡದಲ್ಲೂ ಬೈದು ಅಂಗಡಿ ಬದಲಾಯಿಸಿದ. ಎರಡನೇ ಸಲವೂ ಅದೇ ಕಲೆ.

"ಮೂರನೇದೂ ಹಿಂಗೇ ಆದ್ರೆ ನಾನಿನ್ನು ಬಣ್ಣ ಮುಟ್ಟಲ್ಲ," ಎಂದ, ತಣ್ಣಗೆ.

ನನಗೆ ನಿಜಕ್ಕೂ ಭಯವಾಯಿತು. ಅಪ್ಪ ಕೂಗಾಡಿದರೆ ಏನೂ ಆಗುವುದಿಲ್ಲ. ಮೆಲ್ಲಗೆ ಹೇಳಿದರೆ ಮಾಡಿಯೇ ತೀರುತ್ತಾನೆ.

ಮಧ್ಯಾಹ್ನ ಊಟಕ್ಕೆ ಮುಂಚೆ ತೊಟ್ಟಿಯ ನಲ್ಲಿಗೆ ಕೈಯೊಡ್ಡಿದೆ. ಚುರುಕ್ಕೆಂದಿತು.

"ಇದೇನವ್ವ, ಕಾಯಿಸಿದ ನೀರಾ?"

"ಯುಗಾದಿಗೆ ಮಾಳಿಗೆ ಮೇಲೆ ಟ್ಯಾಂಕ್ ಇಟ್ವಲ್ಲ, ಬಿಸಿಲಿಗೆ ಕಾದೈತೆ. ಇನ್ನೂ ಬಾವಿ ನೀರು ಸೇದ್ಲಾ ನಾನು?" ಎಂದಳು ಅವ್ವ.

ನಾನು ಹಣೆ ಚಚ್ಚಿಕೊಂಡೆ. ಬಿಸಿನೀರು ಹಗುರ, ತಣ್ಣೀರು ಭಾರ ಎಂದು ವರ್ಷವಿಡೀ ಬರೆಯುವ ನನಗೆ ಮನೆಯ ಹಿತ್ತಲು ಕಂಡಿರಲಿಲ್ಲ.

ಅಪ್ಪನನ್ನು ಕರೆದು, ಒಂದು ಚೊಂಬು ಟ್ಯಾಂಕಿನ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ತೊಟ್ಟಿಯ ಅಂಚಿನಿಂದ ಮೆಲ್ಲಗೆ ಬಿಟ್ಟೆ. ನೀಲಿ ಮೇಲೆಮೇಲೇ ಹರಡಿ ಆಚೆ ಅಂಚಿನಿಂದ ಜಾರಿಹೋಯಿತು. ಹಿಂದೆ ಜಾಲಿಸಿದ ಲಡಿಗಳಿಂದ ಇಳಿದು ತಳದಲ್ಲಿ ನಿಂತಿದ್ದ ಕೆಂಪು ಅಲ್ಲಾಡಲೇ ಇಲ್ಲ. ಆಮೇಲೆ ಬಾವಿಯಿಂದ ಸೇದಿದ ತಣ್ಣೀರನ್ನು ಕೊಡಗಟ್ಟಲೆ ಬಿಟ್ಟೆ. ಅದು ಸೀದಾ ತಳಕ್ಕಿಳಿಯಿತು. ಹಳೆ ಕೆಂಪು ಮೇಲೆದ್ದು ಅಂಚು ದಾಟಿತು.

"ಅಲೆಲೆಲೆ!" ಎಂದು ಅಪ್ಪ ತೊಟ್ಟಿಯ ಮೇಲೆ ಬಗ್ಗಿದ.

"ಫ್ಯೋರ್ಡೂ ಹಿಂಗೇ ಅಪ್ಪ. ಹೊರಗಿನ ಕರಾವಳಿ ನೀರು ತಣ್ಣಗೆ, ಉಪ್ಪಾಗಿ, ಭಾರವಾಗಿದ್ರೆ ಹೊಸ್ತಿಲು ದಾಟಿ ತಳಕ್ಕೆ ಹೋಗಿ ಹಳೇದನ್ನ ಎತ್ತಿ ಹಾಕ್ತೈತೆ. ಈಗ ಕೆಲವು ಕಡೆ ಹೊರಗಿನ ನೀರು ಬೆಚ್ಚಗಾಗಿ ಹಗುರಾಗ್ತೈತೆ. ತಳದ ನೀರು ವರ್ಷಗಟ್ಟಲೆ ಅಲ್ಲೇ ಕೊಳೀತೈತೆ, ಮೀನಿಗೆ ಉಸಿರಿಲ್ಲ."

ಅವ್ವ ಗೊಣಗುತ್ತಲೇ ಮತ್ತೆ ಬಾವಿಯ ಹಗ್ಗ ಹಿಡಿದಳು, ಜೊತೆಗೆ ನಾನೂ. ಮೂರನೇ ಸಲದ ಲಡಿಗಳು ತುದಿಯವರೆಗೂ ಗಿಳಿಹಸಿರು. ನೆರಳಿನಲ್ಲಿ ಒಣಹಾಕಿದ ಅವುಗಳ ಕೆಳಗೆ ಅಪ್ಪ ಮದುಮಗನ ಠೀವಿಯಲ್ಲಿ ಅಡ್ಡಾಡಿದ. ನನಗೋ ಖುಷಿ ತಡೆಯಲಾಗಲಿಲ್ಲ, ಆವತ್ತು ಎರಡು ಮುದ್ದೆ ಉಂಡೆ.

ಊಟ ಮಾಡುತ್ತಾ ಅಪ್ಪ ಕೇಳಿದ, "ಅಲ್ಲ ತಾಯಿ, ನಿನ್ನ ಫ್ಯೋರ್ಡಿಗೆ ಅಮಾಸೆ ಯಾವಾಗ?"

"ಅದಕ್ಕೆ ಅಮಾಸೆ ಇಲ್ಲಪ್ಪ. ಬರಿದು ಮಾಡಿ ತಿಕ್ಕೋರು ಯಾರೂ ಇಲ್ಲ."

ಅಪ್ಪನ ಕೈ ಸಾರಿನಲ್ಲೇ ನಿಂತಿತು.

ಸೋಮವಾರ ನಾನು ಯಾವಾಗಲೂ ಎಂಟರ ಬಸ್ಸಿಗೆ ಹೋಗುವವಳು. ಆ ಸೋಮವಾರ ಅಪ್ಪ ಐದಕ್ಕೇ ಹೊದಿಕೆ ಎಳೆದು ಎಬ್ಬಿಸಿದ.

"ಏಳು ತಾಯಿ, ಮೊದಲ್ನೇ ಬಸ್ಸಿಗೇ ಹೋಗು. ಅಲ್ಲಿ ಮೀನು ಕಾಯ್ತಿರ್ತಾವೆ."