ಫೀಸು ಕಡಿಮೆಯ ಕಾರ್ಡು, ನಿಟ್ಟೂರಿನ ಫೋನು

2023ರಲ್ಲಿ ನಾನು ತುಮಕೂರಿನ ಬಟವಾಡಿಯ ಬ್ಯಾಂಕ್ ಶಾಖೆಯೊಂದರಲ್ಲಿ ಡೆಪ್ಯುಟಿ ಮ್ಯಾನೇಜರ್ ಆಗಿದ್ದೆ. ವಿದೇಶಕ್ಕೆ ಹೋಗುವವರ ಕಾರ್ಡ್ ಅರ್ಜಿಗಳು ನನ್ನ ಮೇಜಿಗೆ ಬರುತ್ತಿದ್ದವು.

ಒಂದು ಸೋಮವಾರ ಗುಬ್ಬಿಯ ಅಂಗನವಾಡಿ ಕಾರ್ಯಕರ್ತೆ ಸುಜಾತಾ, ನಿಟ್ಟೂರಿನಲ್ಲಿರುವ ಮೈದುನ ನಾಗರಾಜು ಜೊತೆ ಬಂದರು. ಮಸ್ಕತ್‌ನಲ್ಲಿ ವೆಲ್ಡರ್ ಆಗಿದ್ದ ಅವರ ಪತಿ ಕೆಲಸದಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಅವರನ್ನು ಊರಿಗೆ ಕರೆತರಲು ಸುಜಾತಾ ಮೊದಲ ಬಾರಿ ವಿಮಾನ ಹತ್ತುವವರಿದ್ದರು.

ಅವರ ಡೆಬಿಟ್ ಕಾರ್ಡನ್ನು ವಿದೇಶದಲ್ಲಿ ಬಳಸಿದರೆ ನೂರಕ್ಕೆ ಮೂರೂವರೆ ರೂಪಾಯಿ ಶುಲ್ಕ, ಮೇಲೆ ತೆರಿಗೆ. ಆ ದೇಶದ ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್‌ಗೆ ಅದಿಲ್ಲ; ಅದನ್ನೇ ಮಾಡಿಸಲು ಹೇಳಿದೆ. "ಹಳೇದನ್ನ ಮನೇಲೇ ಇಟ್ಟೋಗಿ. ಎರಡಿದ್ರೆ ಗೊಂದಲ," ಎಂದೆ. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದಾಗ ನಾಗರಾಜು ತನ್ನದನ್ನೇ ಹೇಳಿದರು. "ನಮ್ಮನೇಲಿ ಎಲ್ಲಾದಕ್ಕೂ ಇದೇ ನಂಬರು ಸಾರ್." ನಾನು ಬರೆದುಕೊಂಡೆ. ಒಟಿಪಿಯನ್ನು ಯಾರಿಗೂ, ನನಗೂ ಹೇಳಬಾರದೆಂದು ಇಬ್ಬರಿಗೂ ಎಚ್ಚರಿಸಿದೆ. ಸಹಿಗೆಂದು ಪಡೆದ ನನ್ನ ನೀಲಿ ಪೆನ್ನನ್ನು ನಾಗರಾಜು ಜೇಬಿಗೆ ಸಿಕ್ಕಿಸಿಕೊಂಡು ಹೋದರು.

ಮುಂದಿನ ವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಮಸ್ಕತ್‌ನಿಂದ, ಪತಿಯ ಫೋನಿನಲ್ಲಿ ಸುಜಾತಾ ಕರೆ ಮಾಡಿದರು. ಸೊಂಟಕ್ಕೆ ಬೆಲ್ಟ್ ಇಲ್ಲದೆ ರೋಗಿಯನ್ನು ವಿಮಾನ ಹತ್ತಿಸಬಾರದೆಂದು ವೈದ್ಯರು ಹೇಳಿದ್ದರು. ಔಷಧಿ ಅಂಗಡಿಯಲ್ಲಿ ಬೆಲ್ಟ್ ಇತ್ತು. ಗಾಬರಿಯಲ್ಲಿ ಸುಜಾತಾ ಮೂರು ಸಲವೂ ಹಳೇ ಕಾರ್ಡಿನ ಪಿನ್ ಒತ್ತಿದ್ದರು. ಹೊಸ ಕಾರ್ಡ್ ಲಾಕ್ ಆಗಿತ್ತು. ಲಾಕ್ ತೆಗೆಯಲು ಬೇಕಾದ ಒಟಿಪಿ ನಾಗರಾಜು ಫೋನಿಗೆ ಹೋಗಿತ್ತು.

"ನಾಗ ಫೋನ್ ಎತ್ತುತ್ತಾನೇ ಇಲ್ಲ ಸಾರ್. ಒಂದು ಗಂಟೇಲಿ ಆಸ್ಪತ್ರೆ ಬಿಡ್ಬೇಕು. ಇವ್ರು ಸ್ಟ್ರೆಚರ್ ಮೇಲವ್ರೆ."

ನಾನು ನಾಗರಾಜುಗೆ ಕರೆ ಮಾಡಿದೆ. ಎತ್ತಿದರು.

"ಬ್ಯಾಂಕಿಂದ ಮಾತಾಡ್ತಿದೀನಿ, ಒಟಿಪಿ ಬಂದಿದೆಯಾ..."

"ಬಂತಲ್ಲಪ್ಪ ನಿನ್ ವರಸೆ! ಆಗ್ಲಿಂದ ಫಾರಿನ್ ನಂಬ್ರಿಂದ ಹೊಡೀತಿದ್ದೋನು ನೀನೇ ಏನ್ಲಾ? ನಮ್ ಮ್ಯಾನೇಜರ್ ಹೇಳವ್ರೆ, ಯಾರ್ಗೂ ಹೇಳ್ಬೇಡ ಅಂತ. ಇಡ್ಲಾ ಫೋನು, ಕಳ್ಳ ನನ್ಮಗನೆ!"

ಕರೆ ಕಡಿತವಾಯಿತು. ನಾನು ಹೇಳಿಕೊಟ್ಟದ್ದನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. ಗಡಿಯಾರ ಹನ್ನೆರಡೂವರೆ ದಾಟಿತ್ತು. ನಿಟ್ಟೂರಿಗೆ ಹೋಗಿ ಮುಖ ತೋರಿಸುವಷ್ಟು ಸಮಯವಿರಲಿಲ್ಲ. ಮತ್ತೆ ಕರೆ ಮಾಡಿ, ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ: "ನಾಗರಾಜು, ನನ್ನ ನೀಲಿ ಪೆನ್ನು ನಿಮ್ಮ ಹತ್ರ ಇದೆ."

ನಾಗರಾಜು ದನಿ ತಟ್ಟನೆ ಬದಲಾಯಿತು.

"ಅಯ್ಯೋ, ಸಾರ್ ನೀವಾ! ಬರ್ಕಳಿ, ನಂಬರ್ ಹೇಳ್ತೀನಿ."

"ನನಗೆ ಹೇಳಬೇಡಿ. ಆ ಫಾರಿನ್ ನಂಬರ್ ನಿಮ್ಮಣ್ಣಂದು. ಎತ್ತಿ, ಅತ್ತಿಗೆ ದನಿ ಕೇಳಿದ ಮೇಲೆ ಅವರಿಗೆ ಹೇಳಿ."

ಮೊದಲ ಒಟಿಪಿಯ ಅವಧಿ ಮುಗಿದಿತ್ತು. ಎರಡನೆಯದು ಕೆಲಸ ಮಾಡಿತು. ಒಂದಕ್ಕೆ ಐದು ನಿಮಿಷವಿರುವಾಗ ಸುಜಾತಾ ಕರೆ ಮಾಡಿ, "ಬೆಲ್ಟ್ ಕಟ್ತಾವ್ರೆ ಸಾರ್," ಎಂದಷ್ಟೇ ಹೇಳಿ ಇಟ್ಟರು.

ಶುಲ್ಕದ ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ. ಆದರೆ ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಅವರ ಎರಡನೇ ಕಾರ್ಡನ್ನು ಮನೆಯಲ್ಲಿ ಬಿಡಿಸಿದ್ದೆ, ಬೀಗದ ಕೈಯನ್ನು ನಿಟ್ಟೂರಿನಲ್ಲಿ ಇರಿಸಿದ್ದೆ. ಈಗ ಶುಲ್ಕದ ಪಟ್ಟಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ನಂಬರಿನ ಫೋನು ನಿಮ್ಮ ಜೊತೆ ವಿಮಾನ ಹತ್ತುತ್ತದೆಯೇ?