ಸೌಂದರ್ಯಳ ತಂಬೂರಿ ಪೆಟ್ಟಿಗೆ

"ಅಮ್ಮಾ, ಸೌಂದರ್ಯ ಆಂಟಿ ಯಾವಾಗ್ಲೂ ಕಂಪ್ಯೂಟರ್ ಮುಂದೇನೇ ಕೂತಿರ್ತಾರಲ್ಲ, ಅವರ ಮನೇಲಿ ಅಡಿಗೆ ಯಾರು ಮಾಡ್ತಾರೆ?"

ಮಗಳು ಇದನ್ನು ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರವ್ವ ಮಾಡ್ತಾರೆ ಎಂದೆ.

"ನಿಂಗೂ ಯಾರಾದ್ರೂ ಮಾಡಿಕೊಟ್ರೆ ನೀನೂ ಹಂಗೇ ಕೂರ್ತೀಯಾ?"

ನಾಲ್ಕೂವರೆ ವರ್ಷದ ಮಗು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಅವಳಿಗೆ ಹೇಳಲಾಗದ್ದನ್ನು ಈ ಡೈರಿಯಲ್ಲಿ ಬರೆದಿಡುತ್ತೇನೆ: ಹೌದು, ಕೂರುತ್ತಿದ್ದೆ. ಎದ್ದೇಳುತ್ತಲೇ ಇರಲಿಲ್ಲ.

ಸೌಂದರ್ಯ ಮತ್ತು ನಾನು ಶಿವಮೊಗ್ಗದಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವರು. ಅಂಕ ಹೆಚ್ಚು ಬಂದದ್ದು ನನಗೆ. ಈ ಮಾತನ್ನು ಈ ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ, ಆದರೂ ಬರೆಯುತ್ತೇನೆ. ಬೆಸುಗೆಯ ಸಾಲ್ಡರ್ ಹಾಕುವಾಗ ಅವಳ ಕೈ ನಡುಗುತ್ತಿತ್ತು, ಪರೀಕ್ಷೆಯ ದಿನ ಬಿಟ್ಟು ಉಳಿದ ದಿನವೆಲ್ಲ ನಾನೇ ಹಾಕಿಕೊಡುತ್ತಿದ್ದೆ. ಮೇ ತಿಂಗಳಲ್ಲಿ ಫಲಿತಾಂಶ, ಜೂನಿನಲ್ಲಿ ನನ್ನ ಲಗ್ನ. ಅವಳು ಶಿಕಾರಿಪುರಕ್ಕೆ ಬಂದು ಅಪ್ಪ ಉಚ್ಚಂಗಪ್ಪನವರ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತಳು. ನನ್ನ ಅತ್ತೆಮನೆ ಅಲ್ಲಿಂದ ಎರಡೇ ಬೀದಿಯಾಚೆ. ದೂರದ ಊರಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು, ದಿನಾ ನೋಡುವುದಾದರೂ ತಪ್ಪುತ್ತಿತ್ತು.

ಮೊದಮೊದಲು ಗಿರಾಕಿಗಳು ಅವಳನ್ನು ಕಂಡು ಅನುಮಾನಿಸುತ್ತಿದ್ದರು. ಕುಪ್ಪಗಡ್ಡೆಯಿಂದ ರೇಡಿಯೊ ತಂದ ಯಜಮಾನರೊಬ್ಬರು ನನ್ನೆದುರೇ ಕೇಳಿದ್ದರು: "ನಿಮ್ಮಪ್ಪ ಎಲ್ಲವ್ವ?"

"ಊಟಕ್ಕೆ ಹೋಗ್ಯಾರ‍್ರೀ. ಅವರು ಬಂದ್ರೂ ಇದನ್ನ ನನ್ನ ಕೈಗೇ ಕೊಡೋದು. ಈಗ್ಲೇ ಕೊಡ್ರಿ, ಅವರಿಗ್ಯಾಕೆ ತ್ರಾಸು."

ಯಜಮಾನರು ನಕ್ಕು ಕೊಟ್ಟುಹೋದರು. ನಾನಾಗಿದ್ದರೆ ತಲೆ ತಗ್ಗಿಸಿ "ಬರ್ತಾರ‍್ರೀ" ಎನ್ನುತ್ತಿದ್ದೆ. ಅದೂ ಹೊಟ್ಟೆಯುರಿಯ ಒಂದು ಕಾರಣ.

ಹೋದ ವರ್ಷ, ತೊಂಬತ್ತೆಂಟರ ದೀಪಾವಳಿಯ ಹೊತ್ತಿಗೆ, ದಾವಣಗೆರೆಯ ಟೈಪಿಂಗ್ ಶಾಲೆಯವರು ಬೇಡವೆಂದು ತೆಗೆದ ಕಂಪ್ಯೂಟರೊಂದನ್ನು ಹೊತ್ತು ತಂದಳು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಲಿನಕ್ಸ್ ಎಂಬುದಿತ್ತು, ಅದನ್ನು ಹಾಕಿದಳು. "ಹಿಂದಿನ ಮುಚ್ಚಳ ಬಿಚ್ಚಿಟ್ಟ ರೇಡಿಯೊ ಇದ್ದಂಗೆ ಕಣೆ. ಒಳಗೆ ಏನೈತೆ ಅಂತ ನೋಡ್ಬೋದು, ಕೈನೂ ಹಾಕ್ಬೋದು, ಯಾರೂ ಬೈಯಲ್ಲ" ಎಂದಳು. ಕಂಪ್ಯೂಟರಿನಿಂದ ದನಿ ಹೊರಡಿಸುವ ಕಾರ್ಡು ಮೂರು ವಾರ ತುಟಿ ಬಿಚ್ಚಲಿಲ್ಲ. ಕೊನೆಗೊಂದು ದಿನ 'ಕುಂಯ್' ಎಂದಿತಂತೆ. ಓಡಿಬಂದು ನನಗೆ ಹೇಳಿದಳು, ನನಗೆ ಮಗುವಾದಾಗ ಅಷ್ಟು ಸಡಗರದಿಂದ ಬಂದಿರಲಿಲ್ಲ.

ಆಮೇಲೆ ಕಂಪ್ಯೂಟರಿನಿಂದ ತಂಬೂರಿ ನುಡಿಸುವ ಹುಚ್ಚು ಹತ್ತಿತು. ಒಂದು ಸಣ್ಣ ಪ್ರೋಗ್ರಾಂ ತಂತಿಯ ಝೇಂಕಾರಕ್ಕೆ, ಒಂದು ದನಿ ಮೆಲ್ಲಗೆ ಆರುವುದಕ್ಕೆ, ಇನ್ನೊಂದು ಅನುರಣನಕ್ಕೆ. ಪಂಪಿಗೆ ಪೈಪು ಸಿಕ್ಕಿಸಿದಂತೆ ಒಂದೊಂದನ್ನೂ ಒಂದು ದೊಡ್ಡ ಪ್ರೋಗ್ರಾಮಿಗೆ ಸಿಕ್ಕಿಸುವುದು, ಬೇಡವಾದರೆ ಕಳಚುವುದು. ಹೀಗೆ ತಯಾರಾದ ನಾದವನ್ನು ಒಂದು ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ತುಂಬಿ, ಅದನ್ನು ಸ್ಪೀಕರ್ ಇರುವ ಮರದ ಪೆಟ್ಟಿಗೆಯೊಳಗೆ ಕೂರಿಸಿದರೆ ಕಂಪ್ಯೂಟರ್ ಇಲ್ಲದೆಯೂ ತಂಬೂರಿ ನುಡಿಯುತ್ತದೆ. ಅವಳು ಇದನ್ನೆಲ್ಲ ಹೇಳುವಾಗ ನನಗೆ ಪೂರ್ತಿ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಉಚ್ಚಂಗಪ್ಪನವರಿಗೆ ಮಾತ್ರ ತಾಳ್ಮೆ ತೀರಿತ್ತು. ಪಂಪ್‌ಸೆಟ್ಟಿನ ಸುಟ್ಟ ಮೋಟರುಗಳು ಅಂಗಡಿಗೆ ಬಂದು ವಾಪಸು ಹೋಗುತ್ತಿದ್ದವು, ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಮಿಷನ್ ಇರಲಿಲ್ಲ. ಸೊರಬದಲ್ಲಿ ಸಂಗೀತ ಪಾಠ ಹೇಳುವ ಶ್ರೀಕಾಂತ ಮೇಷ್ಟ್ರು ಪೆಟ್ಟಿಗೆಯ ಸುದ್ದಿ ಕೇಳಿ, ತಂದು ತೋರಿಸಿ, ಚೆನ್ನಾಗಿದ್ದರೆ ಮಕ್ಕಳಿಗೆಲ್ಲ ಕೊಡಿಸುತ್ತೇನೆ ಎಂದಿದ್ದರು. "ಭಾನುವಾರ ಮೇಷ್ಟ್ರು ಹೂಂ ಅಂದ್ರೆ ಸರಿ. ಇಲ್ಲಾಂದ್ರೆ ಸೋಮವಾರ ನಿನ್ನ ಕಂಪ್ಯೂಟರ್ ಮಾರಿ ವೈಂಡಿಂಗ್ ಮಿಷನ್ ತರೋದು" ಎಂದುಬಿಟ್ಟರು ಉಚ್ಚಂಗಪ್ಪನವರು.

ಶುಕ್ರವಾರ ಮಧ್ಯಾಹ್ನ ಸೌಂದರ್ಯ ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ತಂದಳು. "ಮೊದ್ಲು ನೀನು ಕೇಳು. ನಿನ್ನ ಕಿವಿ ಚಲೋ ಐತೆ. ನಂಗೆ ಪರದೆ ಮೇಲಿನ ದನಿಯ ಗೆರೆ ಕಾಣ್ತತೆ, ಕಿವೀಗೆ ಏನೂ ತಿಳಿಯಲ್ಲ."

ನಾನು ಮದುವೆಗೆ ಮುಂಚೆ ಆರು ವರ್ಷ ಹಾಡು ಕಲಿತವಳು. ಪೆಟ್ಟಿಗೆ ನುಡಿಯಿತು. ಪಂಚಮ ಬಂತು, ಜೋಡಿ ಷಡ್ಜ ಬಂದವು, ಮನೆ ತುಂಬಿದಂತಾಯಿತು. ಒಳಗಿದ್ದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಆಮೇಲೆ ಕೊನೆಯ ತಂತಿ, ಮಂದ್ರ ಷಡ್ಜ. ಅದರ ಶ್ರುತಿ ಕೂದಲೆಳೆಯಷ್ಟು ಮೇಲಿತ್ತು. ಮೇಲಿನ ಷಡ್ಜದೊಡನೆ ಸೇರದೆ ಪ್ರತಿ ಸುತ್ತಿನಲ್ಲೂ ತೊನೆಯುತ್ತಿತ್ತು.

"ಹೆಂಗೈತೆ?"

"ಚೆನ್ನಾಗೈತೆ," ಎಂದೆ.

"ನಿಜವಾಗ್ಲೂ?"

"ಸುಮ್ನೆ ತಗೊಂಡು ಹೋಗೇ. ಚೆನ್ನಾಗೈತೆ ಅಂದೆನಲ್ಲ."

ಮಗಳು ಪೆಟ್ಟಿಗೆಗೆ ಕೆನ್ನೆ ಒತ್ತಿ ಕೂತಿದ್ದಳು. ಸೌಂದರ್ಯ ಅವಳ ತಲೆ ಸವರಿ ಹೋದಳು.

ತಪ್ಪು ಎಲ್ಲಿ ಹುಟ್ಟಿತೆಂದು ನನಗೆ ಸಂಜೆಯೊಳಗೆ ಹೊಳೆಯಿತು. ಬಳ್ಳಿಗಾವಿಯಲ್ಲಿ ಭಜನೆಯ ಹೂವಪ್ಪಜ್ಜನ ಹಳೆಯ ತಂಬೂರಿ ಇದೆ. ಅವರು ಒಂದೊಂದು ತಂತಿಯನ್ನೂ ಹತ್ತು ಹತ್ತು ನಿಮಿಷ ಮೀಟಿದ್ದನ್ನು ಅವಳು ಕ್ಯಾಸೆಟ್ಟಿನಲ್ಲಿ ಹಿಡಿದು ತಂದು ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು; ಪೆಟ್ಟಿಗೆ ನುಡಿಯುವುದು ಆ ದನಿಯನ್ನೇ. ಟೇಪ್ ರೆಕಾರ್ಡರ್ ನಮ್ಮದು. ಅಲ್ಲಿ ಹಗಲು ಕರೆಂಟ್ ಇರುವುದಿಲ್ಲವೆಂದು ನಾನೇ ಸೆಲ್ ಹಾಕಿ ಕೊಟ್ಟಿದ್ದೆ. ಹೊಸವಲ್ಲ, ಬಿಸಿಲಿಗೆ ಇಟ್ಟವು. ನಮ್ಮ ಮನೆಯಲ್ಲಿ ಸೋತ ಸೆಲ್ಲನ್ನು ಯಾರೂ ಎಸೆಯುವುದಿಲ್ಲ. ಮಾಳಿಗೆಯ ತಗಡಿನ ಮೇಲೆ ಹಪ್ಪಳದ ಪಕ್ಕ ಎರಡು ದಿನ ಒಣಗಿಸಿದರೆ ಅರ್ಧ ಗಂಟೆಗೆ ಜೀವ ಬರುತ್ತದೆ, ಆಮೇಲೆ ಜಾರುತ್ತದೆ. ಸೆಲ್ ಸೋಲುತ್ತಾ ಹೋದಂತೆ ಟೇಪು ನಿಧಾನವಾಗಿ ಓಡಿದೆ. ನಿಧಾನ ಓಡಿದಾಗ ಹಿಡಿದ ದನಿ, ಮನೆಯಲ್ಲಿ ಕರೆಂಟಿಗೆ ಸಿಕ್ಕಿಸಿ ಸರಿಯಾದ ವೇಗದಲ್ಲಿ ಕೇಳಿಸಿದಾಗ ಮೇಲೇರುತ್ತದೆ. ಕೊನೆಗೆ ಮೀಟಿದ ತಂತಿಯದೇ ಹೆಚ್ಚು ಏರಿದೆ. ಹೂವಪ್ಪಜ್ಜ ಕೂಡಿಸಿದ ಶ್ರುತಿ ತಪ್ಪಲಿಕ್ಕಿಲ್ಲವೆಂದು ಅವಳು ಅಳೆದು ನೋಡಿಯೇ ಇಲ್ಲ.

ಸೆಲ್ ಕೊಟ್ಟದ್ದು ಉಳಿತಾಯದ ಬುದ್ಧಿ, ಅದರಲ್ಲಿ ಕೇಡಿರಲಿಲ್ಲ. ಚೆನ್ನಾಗೈತೆ ಅಂದದ್ದು ಬೇರೆ. ಶನಿವಾರ ಇಡೀ ದಿನ ನನ್ನ ಕೈಯಲ್ಲಿತ್ತು. ಎರಡು ಬೀದಿ ನಡೆದುಹೋಗಿ ಹೇಳಬಹುದಿತ್ತು. ಅಕ್ಕಿ ಆರಿಸಿದೆ, ಮಗಳಿಗೆ ತಲೆಗೆ ಎರೆದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಅವಳ ಪೆಟ್ಟಿಗೆ ಒಂದು ಸಲ, ಒಂದೇ ಒಂದು ಸಲ, ಸೋಲಲಿ ಎಂದು ಮನಸ್ಸು ಹೇಳುತ್ತಿತ್ತು. ಸೋತರೆ ಕಂಪ್ಯೂಟರೇ ಹೋಗುತ್ತದೆಂದು ಗೊತ್ತಿದ್ದೂ.

ಭಾನುವಾರ ಸೊರಬದ ಬಸ್ಸಿನಿಂದ ಇಳಿದವಳು ನೇರ ನಮ್ಮ ಮನೆಗೆ ಬಂದಳು.

"ಒಂದೇ ಸುತ್ತು ಕೇಳಿದ್ರು. 'ಏನಮ್ಮಾ, ಕೆಳಗಿನ ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಮಾತಿಲ್ಲ ಕತೆಯಿಲ್ಲ, ದಾಯಾದಿಗಳು ಕೂತ ಹಾಗೆ ಕೂತಾವಲ್ಲ' ಅಂದ್ರು. ಮಕ್ಕಳೆಲ್ಲ ನಕ್ರು." ಅವಳೂ ನಗಲು ನೋಡಿದಳು, ಆಗಲಿಲ್ಲ. "ಮುಂದಿನ ಭಾನುವಾರ ಇನ್ನೊಂದು ಸಲ ತಾ ಅಂದಾರೆ. ಅಪ್ಪಾಜಿನೂ ಜೊತೆಗೇ ಇದ್ರು, ಒಂದು ವಾರ ಬಿಟ್ಟಾರೆ, ಅಷ್ಟೇ. ಆದ್ರೆ ಎಲ್ಲಿ ತಪ್ಪೈತೆ ಅಂತ ನಂಗೆ ಹೆಂಗೆ ತಿಳೀಬೇಕು? ನಿಂಗೇ ಕೇಳಿಸ್ಲಿಲ್ಲ ಅಂದ್ಮೇಲೆ?"

ನಿಂಗೇ ಕೇಳಿಸಲಿಲ್ಲ ಎಂದದ್ದು ನನ್ನನ್ನು ಮುರಿಯಿತು. ನನ್ನ ಬಳಿ ಉಳಿದದ್ದು ಆ ಕಿವಿಯೊಂದೇ.

"ಕೇಳಿಸ್ತು," ಎಂದೆ. "ಅವತ್ತೇ ಕೇಳಿಸ್ತು. ಕೊನೇ ತಂತಿ. ಸೆಲ್ ಹಳೇವು, ನಾನೇ ಒಣಗಿಸಿ ಹಾಕಿದ್ದೆ. ಗೊತ್ತಿದ್ದೂ ಹೇಳ್ಲಿಲ್ಲ."

ಯಾಕೆ ಎಂದು ಅವಳು ಕೇಳಲಿಲ್ಲ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳಿಗೆ ಕೇಳಬೇಕಾಗಿರಲಿಲ್ಲ.

"ಇಷ್ಟು ಹೊಟ್ಟೆಕಿಚ್ಚು ಇಟ್ಕೊಂಡು ಹೆಂಗೆ ನಿದ್ದೆ ಮಾಡ್ತೀಯೇ ಮಾರಾಯ್ತಿ?"

"ಮಾಡಲ್ಲ," ಎಂದೆ.

ಅವಳು ಬಾಗಿಲವರೆಗೆ ಹೋದಳು. ಚಪ್ಪಲಿ ಮೆಟ್ಟಿದಳು. ಮತ್ತೆ ತಿರುಗಿದಳು, ಮುಖ ಇನ್ನೂ ಬಿಗಿದೇ ಇತ್ತು.

"ಒಂದು ಉಪಕಾರ ಮಾಡು. ನಾಳೆಯಿಂದ ಶನಿವಾರದವರೆಗೆ ದಿನಾ ಮಧ್ಯಾಹ್ನ ಅಂಗಡಿಗೆ ಬಂದು ನನ್ನ ಪಕ್ಕ ಕೂರು. ಆ ತಂತೀನ ಸ್ವಲ್ಪ ಸ್ವಲ್ಪ ಇಳಿಸ್ತಾ ಹೋಗ್ತೀನಿ. ಎಲ್ಲಿ ನಿಲ್ಲಿಸಬೇಕು ಅಂತ ನೀನು ಹೇಳು."