ರೈಲಿನೊಳಗೆ ತಲೆ ಎಣಿಕೆ

ಕಂಬಳಿ ಮಾರಲು ಕೂಡ್ಲಿಗಿ ಕಡೆಯ ನಾವು ನಾಲ್ವರು ದೆಹಲಿ ರೈಲು ಹತ್ತಿದ್ದೆವು. ಎದುರಿಗೆ ಕೂತಿದ್ದ ಉತ್ತರ ಭಾರತದ ಯಜಮಾನರೊಬ್ಬರು ಹಿಂದಿಯಲ್ಲಿ ಮಾತು ತೆಗೆದರು: "ಮುಂದೆ ಪಾರ್ಲಿಮೆಂಟಿನಲ್ಲಿ ನಿಮ್ಮ ದಕ್ಷಿಣದವರ ಪಾಲು ಇಳಿಯುತ್ತದೆ. ನಿಮ್ಮಲ್ಲಿ ಜನ ಕಡಿಮೆ. ತಲೆ ಎಣಿಸುವುದೇ ಪ್ರಜಾಪ್ರಭುತ್ವ. ಬೇಜಾರಾದರೆ ನಿಮಗೆ ದೇಶಾಭಿಮಾನ ಇಲ್ಲ ಅಂತ ಅರ್ಥ."

ನನ್ನ ಹಿಂದಿ ಕೊಟ್ಟೂರು ಸಂತೆಯದು. ಅದರಲ್ಲೇ ಅಂದೆ: "ಸರಿ ಸಾಹೇಬ್ರ, ನಿಮ್ಮ ಕಿಟಕಿ ಸೀಟು ಯಾರಿಗೆ ಅಂತ ಕೈ ಎತ್ತಿಸೋಣ."

ನಮಗೇ ಬೇಕೆಂದು ನಮ್ಮ ನಾಲ್ಕೂ ಕೈ ಮೇಲೆದ್ದವು.

ಯಜಮಾನರು ಟಿಕೆಟ್ ತೆಗೆದು ಬೀಸಿದರು. "ಇದೇನು ಅನ್ಯಾಯ! ನೀವು ಎಷ್ಟೇ ಜನ ಇರಿ, ನನ್ನ ಸೀಟು ನನ್ನದು!"

"ಹಾಂ, ಈಗ ಸರಿಯಾಗಿ ಹೇಳಿದ್ರಿ ನೋಡ್ರಿ! ನಾವೂ ಅದನ್ನ ಹೇಳಾಕ ಹತ್ತೀವಿ. ಎರಡು ಮಕ್ಕಳು ಸಾಕು ಅಂತ ಸರ್ಕಾರದವ್ರು ಅಂದ್ರು, ಕೇಳಿದ್ವಿ. ಅದಕ್ಕ ಪಾಲು ಕಡಿಮಿ ಅಂದ್ರ ಹೆಂಗ? ಬರೇ ತಲಿ ಎಣಿಸಿ ಲೆಕ್ಕ ಮುಗಿಸೋದು ನಮ್ಮ ಕಡಿ ಕುರಿಗಳದ್ರಿ. ನಾವು ಈ ದೇಶದ ಮಂದಿ, ಯಾರ ಹಟ್ಟಿ ಕುರಿನೂ ಅಲ್ಲ."

ಯಜಮಾನರು ಬೆವತು ಕೈ ಮುಗಿದರು ಅಂತ ಊರೆಲ್ಲ ಹೇಳಿಕೊಂಡಿದ್ದೇನೆ. ಅವರು ನಕ್ಕು ಪೇಪರ್ ಬಿಡಿಸಿದರಷ್ಟೇ ಅಂತ ಜೊತೆಗಿದ್ದ ಮೂವರೂ ಸಾಧಿಸುತ್ತಾರೆ. ಮೂವರಿದ್ದರೇನು, ನಾನು ಒಪ್ಪುವುದಿಲ್ಲ.